ಅತಿವಾಹಕಕ್ಕಿಲ್ಲದ ತಡೆ ಕನ್ನಡಕ್ಕೇಕೆ?



ತಂತಿಯಲ್ಲಿ ವಿದ್ಯುತ್ ಹರಿಯುವಾಗ ಒಂದಿಷ್ಟು ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ತಂತಿ ಒಡ್ಡುವ ತಡೆಯೇ ಅದಕ್ಕೆ ಕಾರಣ. ಕೆಲವು ವಸ್ತುಗಳನ್ನು ವಿಪರೀತ ತಣ್ಣಗಾಗಿಸಿದರೆ ಆ ತಡೆಯೇ ಮಾಯ! ಇದೇ ಅತಿವಾಹಕತೆ. 1911ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ಸ್ ಇದನ್ನು ಪಾದರಸದಲ್ಲಿ ಕಂಡರು. ಅದಕ್ಕೆ ಮೈನಸ್ 269 ಡಿಗ್ರಿಯ ಚಳಿ ಬೇಕಿತ್ತು. 1987ರಲ್ಲಿ ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡೊಂದು ಸುಮಾರು ಮೈನಸ್ 180ರಲ್ಲೇ ಆ ಗುಣ ತೋರಿತು. ಅಷ್ಟು ತಂಪಿಗೆ ಅಗ್ಗದ ದ್ರವ ಸಾರಜನಕ ಸಾಕು. ಮಿಶ್ರಣದಲ್ಲಿ ಆ ಗುಣ ಯಾವ ಸಂಯುಕ್ತದ್ದೆಂದು ಗುರುತಿಸಿ ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ ಅವರ ತಂಡವೂ ಒಂದು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಕನ್ನಡಿಗ ಅವರು!

ಹೆಮ್ಮೆಪಡಿ, ತಪ್ಪಿಲ್ಲ. ಆದರೆ ಒಮ್ಮೆ ಹೂವಿನಹಡಗಲಿ ಸೀಮೆಯ ಇಟ್ಟಿಗಿಯ ಕಡೆ ತಿರುಗಿ ನೋಡಿ. ಮದರಾಸಿನ ಆಡಳಿತದಲ್ಲಿದ್ದ ಆ ನೆಲ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಿರಿಯರು ಹೋರಾಡಿದರು, ನೆಲ ಬಂತು. ಜ್ಞಾನ ಬಂತೇ? ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತ ಅಲ್ಲಿಯ ಹುಡುಗಿ ಪಿಯುಸಿ ಮೆಟ್ಟಿಲು ಹತ್ತಿದೊಡನೆ ಪಾಠವೆಲ್ಲ ಇಂಗ್ಲಿಷಿಗೆ ತಿರುಗುತ್ತದೆ. ಬುದ್ಧಿಯಿದ್ದೂ ಹಿಂದೆ ಬೀಳುವವರೆಷ್ಟು ಮಂದಿ!

ಕನ್ನಡ ಬರೀ ಜಯಕಾರ ಕೂಗುವ ಭಾಷೆಯಾದರೆ ಸಾಲದು, ಪ್ರಶ್ನೆ ಕೇಳುವ ಭಾಷೆಯೂ ಆಗಬೇಕು. 2018ರ ಜುಲೈನಲ್ಲಿ ಇದೇ ಸಂಸ್ಥೆಯ ಇಬ್ಬರು ಸಂಶೋಧಕರು, ಚಿನ್ನದಲ್ಲಿ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಹುದುಗಿಸಿದ ವಸ್ತು ಮೈನಸ್ 37 ಡಿಗ್ರಿಯಲ್ಲೇ ಅತಿವಾಹಕವಾಯಿತೆಂದರು. ಬೇರೆ ಬೇರೆ ಅಳತೆಗಳಲ್ಲಿ ಒಂದೇ ತೆರನಾದ ಸಣ್ಣ ಏರಿಳಿತ ಹೇಗೆ ಬಂತೆಂದು ಅಮೆರಿಕದ ಎಂಐಟಿಯಲ್ಲಿದ್ದ ಬ್ರಯಾನ್ ಸ್ಕಿನ್ನರ್ ಕೇಳಿದರು. 2019ರಲ್ಲಿ ತಂಡ ಇನ್ನಷ್ಟು ಅಳತೆಗಳನ್ನು ಮುಂದಿಟ್ಟಿತು. ಆದರೂ ಆ ಮಾತಿಗೆ ವಿಜ್ಞಾನಲೋಕದ ಒಪ್ಪಿಗೆ ಸಿಕ್ಕಿಲ್ಲ. ವಿಜ್ಞಾನ ನಡೆಯುವುದೇ ಹೀಗೆ. ಇಂಥ ಪ್ರಶ್ನೆಯನ್ನು ನಾಳೆ ಇಟ್ಟಿಗಿಯ ಹುಡುಗಿ ಕೇಳಬೇಕು. ಅದಕ್ಕೆ ಮೊದಲು ವಿಷಯ ಅವಳ ಭಾಷೆಯಲ್ಲಿ ಅವಳಿಗೆ ತಲುಪಬೇಕು.

ಕನ್ನಡದಲ್ಲಿ ಇದೆಲ್ಲ ಸಾಧ್ಯವಿಲ್ಲ ಎನ್ನುವವರಿಗೆ ಮೇಲಿನ ಸಾಲುಗಳನ್ನು ತೋರಿಸಿ. ಮೈಸೂರು ಅರಸರು ಕೊಟ್ಟ 371 ಎಕರೆಯಲ್ಲಿ ತಲೆಯೆತ್ತಿದ ಈ ಸಂಸ್ಥೆಯೂ ಸೇರಿ, ಜನರ ಹಣದಲ್ಲಿ ನಡೆಯುವ ನಾಡಿನ ಪ್ರತಿ ಪ್ರಯೋಗಾಲಯವೂ ತನ್ನ ಮುಖ್ಯ ಸಂಶೋಧನೆಗಳ ಸಾರವನ್ನು ಕನ್ನಡದಲ್ಲಿ ಪ್ರಕಟಿಸಲಿ. ಪಿಯುಸಿ ವಿಜ್ಞಾನವನ್ನು ಕನ್ನಡದಲ್ಲಿ ಕಲಿಯುವ ದಾರಿ ಪ್ರತಿ ತಾಲ್ಲೂಕಿನಲ್ಲೂ ತೆರೆಯಲಿ. ಇದು ಭಿಕ್ಷೆಯಲ್ಲ, ಹಕ್ಕು.

ನಿಮಗೂ ಒಂದು ಮಾತು. ಬೋರ್ಡಿಗೆ ಮಸಿ ಬಳಿಯಲು ಒಂದು ಗಳಿಗೆ ಸಾಕು. ನೀವು ಕಲಿತ ಭೌತವಿಜ್ಞಾನದ ಒಂದು ಪುಟವನ್ನು ಕನ್ನಡದಲ್ಲಿ ಬರೆಯಲು ಒಂದು ರಾತ್ರಿ ಬೇಕು. ಆ ರಾತ್ರಿಯನ್ನು ಕನ್ನಡಕ್ಕೆ ಕೊಡಿ.