ದೂರ ಕಾಣುವ ಕಣ್ಣಿನ ದೋಷ

ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಬಾಲಿಕೆಯರ ಮಾತಾಪಿತೃಗಳಿಗೂ ಈ ಸಂಚಿಕೆಯ ಮೂಲಕ ಒಂದು ಸಂಗತಿಯನ್ನು ಅರಿಕೆಮಾಡಬೇಕೆಂದು ಬಹುಕಾಲದಿಂದ ಎಣಿಸಿದ್ದೆವು.

ದೂರದೃಷ್ಟಿಯೆಂಬುದು ನಮ್ಮ ಭಾಷೆಯಲ್ಲಿ ಹೊಗಳಿಕೆಯ ಮಾತು. ನೇತ್ರವೈದ್ಯರು ಇದೇ ಹೆಸರನ್ನು ಒಂದು ದೋಷಕ್ಕೆ ಇಟ್ಟಿರುವುದರಿಂದ ತಾಯಂದಿರು ಮೋಸಹೋಗುವರು. "ಸೂಳೆಕೆರೆಯ ಏರಿಯ ಮೇಲೆ ನಿಂತರೆ ನಮ್ಮ ಹುಡುಗಿ ಆಚೆಯ ಗುಡ್ಡದ ಮರಗಳನ್ನೂ ಎಣಿಸುತ್ತಾಳೆ, ಅವಳ ಕಣ್ಣಿಗೇನಾಗಿದೆ?" ಎಂದು ಚನ್ನಗಿರಿ ಸೀಮೆಯ ತಾಯಿಯೊಬ್ಬರು ನಮ್ಮನ್ನು ಕೇಳಿದರು. ಆ ಹುಡುಗಿಯೇ ಪಾಠಪುಸ್ತಕದ ಹತ್ತು ಸಾಲು ಓದುವಷ್ಟರಲ್ಲಿ ಕಣ್ಣುಜ್ಜಿಕೊಳ್ಳುವಳು, ಹೊಲಿಗೆಯ ತರಗತಿಯಲ್ಲಿ ತಲೆನೋವೆನ್ನುವಳು. ಸೋಮಾರಿತನವೆಂದು ತಿಳಿದು ನಾವು ಅವಳನ್ನು ಎರಡು ಸಲ ನಿಲ್ಲಿಸಿದೆವು. ತಪ್ಪು ನಮ್ಮದು. ಈ ಪುಟಗಳನ್ನು ಓದುವವರಲ್ಲಿ ಉಪಾಧ್ಯಾಯಿನಿಯರೂ ಇರುವುದರಿಂದ ಅದನ್ನು ಮರೆಮಾಚದೆ ಬರೆದಿದ್ದೇವೆ.

ಈ ದೋಷವುಳ್ಳವರ ಕಣ್ಣುಗುಡ್ಡೆಯು ಸಾಮಾನ್ಯವಾಗಿ ಹಿಂದುಮುಂದಾಗಿ ತುಸು ಗಿಡ್ಡವಾಗಿರುವುದು. ಆದುದರಿಂದ ಬೆಳಕಿನ ಕಿರಣಗಳು ಅಕ್ಷಿಪಟದ ಮೇಲೆ ಕೂಡದೆ ಅದರ ಹಿಂದೆ ಕೂಡುವಂತಾಗುವುದು. ಹಸುಗೂಸುಗಳಲ್ಲಿ ಬಹುಪಾಲಿಗೆ ಇದು ಸ್ವಲ್ಪವಿದ್ದು, ಕಣ್ಣು ಬೆಳೆದಂತೆ ತಗ್ಗುತ್ತದೆ. ಹೆಚ್ಚಾಗಿ ಉಳಿದರೆ ತೊಂದರೆ. ಎಳೆಯ ಕಣ್ಣಿನೊಳಗಣ ಮಸೂರ ಮೃದುವಾದುದು. ಸುತ್ತಣ ಸ್ನಾಯು ಬಿಗಿದು ಅದನ್ನು ಉಬ್ಬಿಸಿ ಕಿರಣಗಳನ್ನು ಮುಂದಕ್ಕೆ ಕೂಡಿಸುತ್ತದೆ. ಹೀಗಾಗಿ ಮಗುವಿಗೆ ಹತ್ತಿರದ್ದೂ ಕೊಂಚ ಹೊತ್ತು ಕಾಣುವುದು. ಆ ದುಡಿಮೆಯ ಕೂಲಿಯನ್ನು ತಲೆ ತೆರುವುದು. ದೋಷ ಬಲವಾದರೆ ಒಂದು ಕಣ್ಣು ಮೂಗಿನ ಕಡೆಗೆ ತಿರುಗಬಹುದು. ಮಿದುಳು ಆ ಕಣ್ಣಿನ ಚಿತ್ರವನ್ನು ಕೈಬಿಟ್ಟರೆ ಅದು ಮಂದವಾಗುವುದು. ಏಳೆಂಟು ವರ್ಷಗಳೊಳಗೆ ಚಿಕಿತ್ಸೆಮಾಡಿಸಿದರೆ ಗುಣ ಹೆಚ್ಚು. ಮೆಳ್ಳೆಗಣ್ಣು ಅದೃಷ್ಟದ ಗುರುತೆನ್ನುವ ಅಜ್ಜಿಯರಿಗೆ ಇದನ್ನು ತಿಳಿಸಬೇಕು.

ಶಾಲೆಯ ಕಣ್ಣಿನ ಪರೀಕ್ಷೆಯಲ್ಲಿ ಪಾಸಾಯಿತಲ್ಲವೆ ಎಂದು ಕೇಳುವಿರಿ. ಹಾಲೆಂಡಿನ ಸ್ನೆಲೆನ್ 1862ರಲ್ಲಿ ರಚಿಸಿದ ಅಕ್ಷರಪಟವನ್ನು 6 ಮೀಟರ್ ದೂರದಿಂದ ಓದಿಸುವುದು ವಾಡಿಕೆ. ಸಮೀಪದೃಷ್ಟಿಯವಳು ಅಲ್ಲಿ ಸಿಕ್ಕಿಬೀಳುವಳು. ನಮ್ಮ ಹುಡುಗಿಯಾದರೋ ಕೊನೆಯ ಸಾಲನ್ನೂ ಓದಿ ನಗುತ್ತ ಹೊರಟುಹೋದಳು! ಸ್ನಾಯುವನ್ನು ಸಡಿಲಿಸುವ ಹನಿಮದ್ದು ಹಾಕಿ ವೈದ್ಯರು ನೋಡಿದಾಗಲೇ ನಿಜ ಹೊರಬಿದ್ದಿತು.

ನಲವತ್ತು ದಾಟಿದ ನಾವು ಧರಿಸುವ ಚಾಳೀಸಿನ ಕಾರಣ ಬೇರೆ. ಅದು ಮಸೂರ ಗಡುಸಾಗುವುದರಿಂದ ಬರುವುದು. ಎರಡನ್ನೂ ಡೋಂಡರ್ಸ್ ಎಂಬ ಪಂಡಿತರು 1864ರ ತಮ್ಮ ಗ್ರಂಥದಲ್ಲಿ ಬೇರ್ಪಡಿಸಿ ತೋರಿಸಿದರು. ಎರಡಕ್ಕೂ ಉಬ್ಬುಗಾಜೇ ಸಲ್ಲುವುದರಿಂದ ಜನರು ಒಂದೆಂದೇ ತಿಳಿಯುವರು. ಅಜ್ಜಿಯ ಕನ್ನಡಕವನ್ನು ಮೊಮ್ಮಗಳಿಗೆ ಏರಿಸಿ ನೋಡಿದ ಮನೆಯೂ ಹೊನ್ನಾಳಿಯಲ್ಲುಂಟು.

ಡಾಕ್ಟರ್ ಎಂ. ಸಿ. ಮೋದಿಯವರ ಶಿಬಿರಗಳಿಂದ ಮುದುಕರ ಕಣ್ಣಿನ ಪೊರೆಯ ವಿಷಯವು ನಮ್ಮ ನಾಡಿನ ಹಳ್ಳಿಹಳ್ಳಿಗೂ ತಿಳಿಯಿತು. ಮಕ್ಕಳ ಈ ದೋಷಕ್ಕೆ ಅಂತಹ ಪ್ರಸಿದ್ಧಿ ಬರಲಿಲ್ಲ. ಹಣದ ಅಡಚಣೆಗಿಂತಲೂ ಮನಸ್ಸಿನ ಅಡಚಣೆಯೇ ದೊಡ್ಡದೆಂಬುದು ನಮ್ಮ ಅಭಿಪ್ರಾಯ. ಜಗಳೂರಿನ ತಂದೆಯೊಬ್ಬರು ಮಗನಿಗೆ ಒಂದೇ ವಾರದಲ್ಲಿ ಕನ್ನಡಕ ಕೊಡಿಸಿದರು; ಮಗಳ ಮಾತು ಬಂದಾಗ, "ಮದುವೆಯಾಗಲಿ, ಆಮೇಲೆ ನೋಡೋಣ" ಎಂದರು. ಹುಡುಗಿಗೆ ಆಗ ಒಂಬತ್ತು ವರ್ಷ! ಓದಲಾರಳೆಂದು ಅವಳನ್ನು ಶಾಲೆಯಿಂದ ಬಿಡಿಸಲೂ ಹೊರಟಿದ್ದರು. ಕಾಣದವಳನ್ನು ದಡ್ಡಳೆಂದು ಕರೆದು ಮನೆಗೆ ಕಳುಹಿಸುವುದು ಅನ್ಯಾಯವೆಂದು ನಾವು ಅವರಿಗೆ ಮುಖಕ್ಕೇ ಹೇಳಿದೆವು, ಇಲ್ಲಿಯೂ ಹೇಳುತ್ತೇವೆ.

ನ್ಯಾಮತಿಯಿಂದಾಗಲಿ ಜಗಳೂರಿನಿಂದಾಗಲಿ ದಾವಣಗೆರೆ ದೂರವಲ್ಲ; ಅಲ್ಲಿ 1965ರಿಂದಲೂ ವೈದ್ಯಕೀಯ ಕಾಲೇಜಿದೆ. ಒಂದನೆಯ ತರಗತಿಗೆ ಸೇರಿಸುವ ಮೊದಲೇ ಒಮ್ಮೆ ಹನಿಮದ್ದು ಹಾಕಿಸಿ ಪರೀಕ್ಷೆಮಾಡಿಸಿರಿ. ಆ ದಿನ ಮಗುವಿಗೆ ಪುಸ್ತಕ ಮಂಜಾಗಿ ಕಾಣುವುದು; ಗಾಬರಿ ಬೇಡ.

ಚನ್ನಗಿರಿಯ ಆ ಬಾಲಿಕೆ ಈಗ ಕನ್ನಡಕ ಧರಿಸುತ್ತಾಳೆ. ಅವಳು ಹೊಲಿದ ಮೇಜುವಸ್ತ್ರವನ್ನು ಈ ಸಲದ ಕೈಕೆಲಸದ ಪ್ರದರ್ಶನದಲ್ಲಿ ಬಾಗಿಲ ಬಳಿಯ ಮೇಜಿನ ಮೇಲೆ ಹಾಸಿದ್ದೇವೆ. ಅಂಚಿನ ಹೊಲಿಗೆಯನ್ನು ಹತ್ತಿರದಿಂದ ನೋಡಿರಿ.