ಸಸಿಯ ಲೆಕ್ಕ, ಮರದ ಲೆಕ್ಕ

ವಿಶ್ವ ಪರಿಸರ ದಿನ ಬಂತೆಂದರೆ ಬೆಂಗಳೂರಿನಲ್ಲಿ ಇಷ್ಟು ಸಾವಿರ ಸಸಿ ನೆಡಲಾಯಿತೆಂಬ ಪ್ರಕಟಣೆಗಳು ಹೊರಬೀಳುತ್ತವೆ. ಅವು ಇಷ್ಟು ಟನ್ ಇಂಗಾಲದ ಡೈ ಆಕ್ಸೈಡ್ ಹೀರಿಕೊಳ್ಳಲಿವೆ ಎಂಬ ಅಂಕಿಯೂ ಈಗ ಜೊತೆಗೂಡುತ್ತಿದೆ. ಮರವೊಂದಕ್ಕೆ ವರ್ಷಕ್ಕೆ 22 ಕೆ.ಜಿ. ಎಂಬ ಸಿದ್ಧ ದರ ಬಹಳ ಬಳಕೆಯಲ್ಲಿದೆ. ಬೆಳೆದ ಮರಕ್ಕೆ ಹೇಳುವ ಈ ದರವನ್ನು ನಿನ್ನೆ ನೆಟ್ಟ ಸಸಿಗೆ ಅನ್ವಯಿಸುವುದು, ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದಂತೆ.

ಅಂದಾಜಿನ ಕ್ರಮ ಗೂಢವೇನಲ್ಲ. ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ, ಮರದ ಎತ್ತರ ಮತ್ತು ಕಟ್ಟಿಗೆಯ ಸಾಂದ್ರತೆಯಿಂದ ಒಣತೂಕವನ್ನು ಲೆಕ್ಕ ಹಾಕಿ, ಬೇರಿನ ಬಾಬ್ತು ಸುಮಾರು ಕಾಲು ಭಾಗ ಸೇರಿಸುತ್ತಾರೆ. ಒಣತೂಕದ ಸರಿಸುಮಾರು ಅರ್ಧ ಇಂಗಾಲ, ಅದನ್ನು 3.67ರಿಂದ ಗುಣಿಸಿದರೆ ಹೀರಲ್ಪಟ್ಟ ಇಂಗಾಲದ ಡೈ ಆಕ್ಸೈಡ್ ದೊರೆಯುತ್ತದೆ. ಬೇರೂ ಸೇರಿ ಒಂದು ಟನ್ ಒಣತೂಕವಿರುವ ಮರ ಇದುವರೆಗೆ ಕೂಡಿಟ್ಟದ್ದು ಸುಮಾರು 1,835 ಕೆ.ಜಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಹೊರಬರುತ್ತದೆ. ಎಂದರೆ, ದಶಕಗಳ ಆ ಉಳಿತಾಯವನ್ನು 800 ಲೀಟರ್ ಪೆಟ್ರೋಲ್ ಅಳಿಸಿಹಾಕುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ತಿಂಗಳಿಗೆ ಸಾವಿರ ಕಿ.ಮೀ. ಓಡಿದರೆ ಇದು ಒಂದೇ ವರ್ಷದ ಖರ್ಚು. ಅದರಲ್ಲೂ ಈ ಸೂತ್ರಗಳು ಬಹುಪಾಲು ಕಾಡಿನ ಮರಗಳಿಂದ ಬಂದವು. ತಂತಿಗಾಗಿ ಕೊಂಬೆ ಕಡಿಸಿಕೊಂಡು, ಬುಡಕ್ಕೆ ಕಾಂಕ್ರೀಟ್ ಹಾಕಿಸಿಕೊಂಡ ಬೀದಿಮರದ ಬೆಳವಣಿಗೆಯೇ ಬೇರೆ.

ಅರ್ಥಶಾಸ್ತ್ರದ ಭಾಷೆಯಲ್ಲಿ ನಿಂತ ಮರ ಅಸಲು, ವಾರ್ಷಿಕ ಬೆಳವಣಿಗೆ ಬಡ್ಡಿ. ರಸ್ತೆ ವಿಸ್ತರಣೆಗೆ ಒಂದು ಮರ ಕಡಿದು ಹತ್ತು ಸಸಿ ನೆಡುತ್ತೇವೆ ಎನ್ನುವವರು, ಕೈಯಲ್ಲಿರುವ ಅಸಲನ್ನು ಕೊಟ್ಟು ಭರವಸೆಯ ಚೀಟಿ ಪಡೆಯುತ್ತಾರೆ. 2016ರಲ್ಲಿ ಉಕ್ಕಿನ ಮೇಲ್ಸೇತುವೆಗಾಗಿ 812 ಮರ ಕಡಿಯುವ ಪ್ರಸ್ತಾವವನ್ನು ನಾಗರಿಕರು ವಿರೋಧಿಸಿದರು. 2017ರಲ್ಲಿ ಯೋಜನೆಯೇ ರದ್ದಾಯಿತು. ಜನರಿಗೆ ಈ ವ್ಯತ್ಯಾಸ ತಿಳಿದಿತ್ತು.

ಹಾಗೆಂದು ಗಿಡ ನೆಡುವುದು ವ್ಯರ್ಥವಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನೆಟ್ಟ ಸುಮಾರು 15 ಲಕ್ಷ ಗಿಡಗಳಲ್ಲಿ ಬೆಳೆದು ನಿಂತವು ಇಂದಿಗೂ ಈ ನಗರಕ್ಕೆ ನೆರಳು ನೀಡುತ್ತಿವೆ. ಬೀದಿಮರದ ಮುಖ್ಯ ಕೊಡುಗೆ ನೆರಳು ಮತ್ತು ತಂಪು. ಇಂಗಾಲ ಮೇಲುಗಳಿಕೆ ಮಾತ್ರ. ಅದನ್ನು ವಾಹನಗಳ ಹೊಗೆಗೆ ಪರಿಹಾರವೆಂದು ತೋರಿಸುವುದು ಸಲ್ಲದು.

1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಮರಗಣತಿಯನ್ನು ವೃಕ್ಷ ಪ್ರಾಧಿಕಾರದ ಕರ್ತವ್ಯಗಳಲ್ಲಿ ಸೇರಿಸಿದೆ. ಆ ಗಣತಿ ನಿಯತವಾಗಿ ನಡೆಯಲಿ. ನೆಟ್ಟ ದಿನದ ಸಂಖ್ಯೆಯ ಬದಲು, ಐದು ವರ್ಷಗಳ ನಂತರ ಬದುಕುಳಿದ ಮರಗಳ ಸಂಖ್ಯೆ, ಜಾತಿ, ಸುತ್ತಳತೆ ಪ್ರಕಟವಾಗಲಿ. ಕಡಿದ ಮರಗಳ ಇಂಗಾಲವನ್ನು ಅದರಿಂದ ಕಳೆಯಲಿ. ಜಮೆ ಮಾತ್ರ ಬರೆದು ಖರ್ಚನ್ನು ಬಿಟ್ಟ ಪುಸ್ತಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ನಗರದ ಹಸಿರಿಗೆ ಬೇರೆ ನಿಯಮವೇಕೆ?