ಸರದಿಯ ಸಾಲು ಕರಗಿದ ಮೇಲೆ

ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವು ಬದುಕಿರುವುದನ್ನು ಸರ್ಕಾರಕ್ಕೆ ರುಜುವಾತುಪಡಿಸಬೇಕು. ಹಿಂದೆ ಇದಕ್ಕಾಗಿ ಬ್ಯಾಂಕುಗಳ ಮುಂದೆ, ಖಜಾನೆಯ ಮೊಗಸಾಲೆಯಲ್ಲಿ ಸರದಿ ಕಾಯಬೇಕಾಗಿತ್ತು. 2014ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆಯನ್ನು ಜಾರಿಗೆ ತಂದಿತು. ಈಗ ಮನೆಯಲ್ಲೇ ಕುಳಿತು ಮೊಬೈಲಿನ ಕ್ಯಾಮೆರಾಕ್ಕೆ ಮುಖ ತೋರಿಸಿದರೂ ಕೆಲಸ ಮುಗಿಯುತ್ತದೆ. ಮಂಡಿನೋವಿನ ವೃದ್ಧರಿಗೆ ಇದು ವರದಾನವೇ ಸರಿ. ಸೇವೆಯಲ್ಲಿದ್ದಾಗ ಇಂಥ ಸರಳೀಕರಣದ ಪರವಾಗಿ ಕಡತಗಳಲ್ಲಿ ಟಿಪ್ಪಣಿ ಬರೆದವನು ನಾನು; ಈಗಲೂ ಅದರ ಪರವೇ ಇದ್ದೇನೆ.

ಆದರೆ ಆ ಸಾಲಿನೊಡನೆ ಮತ್ತೊಂದು ಸಂಗತಿಯೂ ಕರಗಿತು. ವರ್ಷಕ್ಕೊಮ್ಮೆಯಾದರೂ ಹಳೆಯ ಸಹೋದ್ಯೋಗಿಗಳು ಅಲ್ಲಿ ಎದುರಾಗುತ್ತಿದ್ದರು. ಯಾರಿಗೆ ಶಸ್ತ್ರಚಿಕಿತ್ಸೆಯಾಯಿತು, ಯಾರ ಮಗಳ ಮದುವೆ ನಿಂತಿತು, ಯಾರು ಈ ಬಾರಿ ಬರಲಿಲ್ಲ ಎಂಬುದೆಲ್ಲ ಅಲ್ಲಿ ತಿಳಿಯುತ್ತಿತ್ತು. ವಿದ್ಯುತ್ ಬಿಲ್ಲು, ದೂರವಾಣಿ ಬಿಲ್ಲು, ಪಾಸ್‌ಬುಕ್ ನಮೂದು, ದಿನಸಿ ಖರೀದಿ - ಒಂದೊಂದಾಗಿ ಎಲ್ಲವೂ ಫೋನಿನೊಳಗೆ ಸೇರಿದವು. ಅರ್ಥಶಾಸ್ತ್ರದ ಭಾಷೆಯಲ್ಲಿ ಇವು ವಹಿವಾಟಿನ ವೆಚ್ಚದ ಕಡಿತ. ನಾವು ಉಳಿಸಿದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿದೆವು. ಆ ಗಂಟೆಗಳಲ್ಲಿ ಪುಕ್ಕಟೆಯಾಗಿ ಸಿಗುತ್ತಿದ್ದ ನಾಲ್ಕು ಮಾತುಗಳಿಗೆ ಯಾವ ಲೆಕ್ಕಶೀರ್ಷಿಕೆಯೂ ಇರಲಿಲ್ಲ. ಬೆಲೆ ಕಟ್ಟದ ವಸ್ತು ಕಳೆದುಹೋದಾಗ ಅದು ಯಾವ ಆಯವ್ಯಯದಲ್ಲೂ ನಷ್ಟವೆಂದು ಕಾಣುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಪತ್ನಿಯನ್ನು ಕಳೆದುಕೊಂಡೆ. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ, ದಿನವೂ ಫೋನ್ ಮಾಡುತ್ತಾರೆ, ಅವರ ಪ್ರೀತಿಗೆ ಕೊರತೆಯಿಲ್ಲ. ಆದರೂ ಸಂಜೆ ಆರರ ನಂತರ ಮನೆಯ ಮೌನ ಭಾರವಾಗತೊಡಗಿತು. ರಾತ್ರಿ ಎದೆಯಲ್ಲಿ ಸಣ್ಣ ನೋವು ಕಂಡರೂ ಒಂದೇ ಪ್ರಶ್ನೆ ಕಾಡುತ್ತಿತ್ತು: ಈಗ ಏನಾದರೂ ಆದರೆ, ಬಾಗಿಲಲ್ಲಿ ಉಳಿದ ಹಾಲಿನ ಪ್ಯಾಕೆಟನ್ನು ಎಷ್ಟನೆಯ ದಿನ ಯಾರು ಗಮನಿಸಿಯಾರು? ನಾನು ಕಂಡ ವೈದ್ಯರು ರಕ್ತದೊತ್ತಡ ನೋಡಿ, ಇಸಿಜಿ ತೆಗೆಸಿ, ಕೊನೆಗೆ ಕೇಳಿದರು: ‘ದಿನಕ್ಕೆ ಎಷ್ಟು ಜನರ ಹತ್ತಿರ ಮಾತಾಡ್ತೀರಿ?’ ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವರು ಬರೆದುಕೊಟ್ಟ ಚೀಟಿಯಲ್ಲಿ ಮಾತ್ರೆ ಒಂದೇ ಇತ್ತು. ಅದರ ಕೆಳಗೆ ‘ಬೆಳಗ್ಗೆ ಹೊರಗೆ ಹೋಗಿ ಕುಳಿತುಕೊಳ್ಳಿ’ ಎಂದಿತ್ತು.

ನಾನಿರುವುದು ಬಿನ್ನಿಪೇಟೆಯಲ್ಲಿ. 1880ರ ದಶಕದಲ್ಲಿ ಆರಂಭವಾಗಿ, ಬಿನ್ನಿ ಕಂಪನಿಯ ಹೆಸರಿನಿಂದಲೇ ಖ್ಯಾತವಾದ ಬಟ್ಟೆ ಗಿರಣಿ ಈ ಬಡಾವಣೆಗೆ ಹೆಸರನ್ನೂ ಬದುಕನ್ನೂ ಕೊಟ್ಟಿತ್ತು. ಗಿರಣಿ ಮುಚ್ಚಿ ಸುಮಾರು ಎರಡು ದಶಕಗಳು ಸಂದಿವೆ. ಅದರ ನೆಲದಲ್ಲಿ ಈಗ ಬಹುಮಹಡಿ ವಸತಿ ಸಮುಚ್ಚಯಗಳೂ ಮಾಲ್‌ಗಳೂ ಎದ್ದಿವೆ. ಗಿರಣಿಯೆಂದರೆ ಬರೀ ಕೂಲಿಯಲ್ಲ. ಪಾಳಿಯ ಸೈರನ್ನು ಒಂದೇ ಹೊತ್ತಿಗೆ ಸಾವಿರಾರು ಜನರನ್ನು ಬೀದಿಗಿಳಿಸುತ್ತಿತ್ತು. ಕನ್ನಡ, ತಮಿಳು, ತೆಲುಗು, ಉರ್ದು ಮಾತನಾಡುವವರು ಒಂದೇ ಸಾಲಿನ ಮಗ್ಗಗಳ ಮುಂದೆ ನಿಲ್ಲುತ್ತಿದ್ದರು. ಕಾರ್ಮಿಕ ಸಂಘ, ಚೀಟಿ, ಹಬ್ಬದ ವಂತಿಗೆ, ಸಾವಿನ ಮನೆಗೆ ಹೆಗಲು - ಎಲ್ಲವೂ ಆ ಗೇಟಿನಿಂದಲೇ ಹೊರಡುತ್ತಿದ್ದವು. ಗೇಟಿಗೆ ಬೀಗ ಬಿದ್ದಾಗ ಎಷ್ಟು ಉದ್ಯೋಗಗಳು ಹೋದವೆಂದು ನಾವು ಎಣಿಸಿದೆವು. ಎಷ್ಟು ನಂಟುಗಳು ಕಡಿದವೆಂದು ಯಾರೂ ಎಣಿಸಲಿಲ್ಲ.

ವೈದ್ಯರ ಮಾತಿನಂತೆ ನಾನು ಹೋಗಿ ಕುಳಿತದ್ದು ಹತ್ತಿರದ ಟೀ ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ. ಅಲ್ಲಿ ದಿನವೂ ಬೆಳಗ್ಗೆ ಏಳು ಗಂಟೆಗೆ ಹಳೆಯ ಗಿರಣಿ ಕಾರ್ಮಿಕರು ಆರೇಳು ಮಂದಿ ಸೇರುತ್ತಾರೆ. ಅವರ ಸಂಘಕ್ಕೆ ನೋಂದಣಿಯಿಲ್ಲ, ಪದಾಧಿಕಾರಿಗಳಿಲ್ಲ, ನಡಾವಳಿ ಪುಸ್ತಕವಿಲ್ಲ. ಇರುವುದು ಒಂದೇ ನಿಯಮ: ಯಾರಾದರೂ ಎರಡು ದಿನ ಬರದಿದ್ದರೆ ಮೂರನೆಯ ದಿನ ಒಬ್ಬರು ಅವರ ಮನೆಗೆ ಹೋಗಬೇಕು. ಮಾತಿನ ವಿಷಯ ರಾಜಕೀಯ, ಸಕ್ಕರೆ ಕಾಯಿಲೆ, ಮೊಮ್ಮಕ್ಕಳ ಶಾಲೆಯ ಫೀಸು. ದುಃಖದ ಬಗ್ಗೆ ಮಾತಾಡುವುದು ಕಡಿಮೆ. ನಾನು ಜ್ವರದಿಂದ ಮಲಗಿದ್ದಾಗ, ಎಂಬತ್ತರ ಹತ್ತಿರದ ಹಿರಿಯರೊಬ್ಬರು ಮೂರನೆಯ ದಿನ ಬಾಗಿಲು ತಟ್ಟಿ, ‘ಏನ್ ಸಾರ್, ಎರಡು ದಿನ ಕಾಣ್ಲೇ ಇಲ್ಲ?’ ಎಂದರು. ಹಾಲಿನ ಪ್ಯಾಕೆಟ್ಟಿನ ಭಯ ನನ್ನನ್ನು ಬಿಟ್ಟುಹೋದದ್ದು ಅಂದೇ.

ಒಂಟಿತನಕ್ಕೂ ವರ್ಗಭೇದವಿದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಬಸವನಗುಡಿಯ ಕಡೆಯ ನಿವೃತ್ತರಿಗೆ ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿಯ ಸಂಗೀತೋತ್ಸವ ನಡೆಯುತ್ತದೆ. ಅಲ್ಲಿಗೆ ಹೋಗುವವರು ಉಪನ್ಯಾಸಕ್ಕೋ ಕಛೇರಿಗೋ ಹೋಗುತ್ತಾರೆ, ಜೊತೆಗೆ ಜನರನ್ನು ಪಡೆದು ಮರಳುತ್ತಾರೆ. ಇವೆಲ್ಲ ದಾರ್ಶನಿಕರೂ ದಾನಿಗಳೂ ಕಟ್ಟಿಕೊಟ್ಟ ಆಸ್ತಿಗಳು. ಗಿರಣಿ ಬಡಾವಣೆಗೆ ಅಂಥ ಆಸ್ತಿಯೆಂದರೆ ಗಿರಣಿಯೇ ಆಗಿತ್ತು. ಅಕ್ಕಪಕ್ಕದ ಬೀದಿಗಳ ಪಿ.ಜಿ.ಗಳಲ್ಲಿ ನೆಲೆಸಿ, ಮನೆಮನೆಗೆ ಊಟ ತಲುಪಿಸುವ ದೂರದೂರಿನ ಹುಡುಗರಿಗಂತೂ ಕಲ್ಲುಬೆಂಚಿನ ಸೌಭಾಗ್ಯವೂ ಇಲ್ಲ.

ಒಂಟಿತನವು ವೃದ್ಧರ ಗೊಣಗಾಟವೆಂದು ತಳ್ಳಿಹಾಕುವ ಕಾಲ ಮುಗಿದಿದೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಈ ವಿಷಯದ ಹೊಣೆಯನ್ನು ಸಚಿವರೊಬ್ಬರಿಗೆ ವಹಿಸಿದವು. ಅಮೆರಿಕದ ಸರ್ಜನ್ ಜನರಲ್ ಆಗಿದ್ದ, ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು 2023ರ ಮೇ ತಿಂಗಳಲ್ಲಿ ಒಂಟಿತನವನ್ನು ಸಾಂಕ್ರಾಮಿಕವೆಂದೇ ಕರೆದು ಅಧಿಕೃತ ಎಚ್ಚರಿಕೆ ಹೊರಡಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ; ವರ್ಷಕ್ಕೆ 8 ಲಕ್ಷ 71 ಸಾವಿರ ಸಾವುಗಳೊಂದಿಗೆ ಅದಕ್ಕೆ ನಂಟಿದೆ. ಹದಿಹರೆಯದವರೂ ಯುವಕರೂ ಅತಿ ಹೆಚ್ಚು ಒಂಟಿತನ ಅನುಭವಿಸುವವರ ಪೈಕಿ ಸೇರಿದ್ದಾರೆಂಬುದು ಆ ವರದಿಯ ಮುಖ್ಯ ಮಾತು.

ಹಾಗೆಂದು ಒಂಟಿತನವನ್ನೂ ಮನೋರೋಗವನ್ನೂ ಒಂದೇ ಎಂದು ಭಾವಿಸಬಾರದು. ಖಿನ್ನತೆಗೆ ಚಿಕಿತ್ಸೆ ಬೇಕು. ಸಾಯಬೇಕೆಂಬ ಆಲೋಚನೆ ಬಂದವರಿಗೆ ತಕ್ಷಣ ನೆರವು ಬೇಕು. ಆ ನೆರವು ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮಾರ್ಗದರ್ಶನದ ‘ಟೆಲಿ ಮಾನಸ್’ ಸಹಾಯವಾಣಿ 14416 ಹಗಲಿರುಳೂ ಕನ್ನಡದಲ್ಲಿ ಉತ್ತರಿಸುತ್ತದೆ. ಹಿರಿಯ ನಾಗರಿಕರಿಗೆ 14567 ಸಂಖ್ಯೆಯ ಸಹಾಯವಾಣಿಯಿದೆ. ಆದರೆ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆಯ ಅಗತ್ಯವಿದ್ದೂ ಸಿಗದವರ ಪ್ರಮಾಣ ಶೇ 70ರಿಂದ 92ರಷ್ಟಿತ್ತು. ಸಂಖ್ಯೆಯನ್ನು ಒತ್ತುವ ಧೈರ್ಯ ಬರಬೇಕಾದರೂ ‘ನೀವು ಸುಮ್ಮನಾಗಿದ್ದೀರಲ್ಲ, ಏನು ಸಮಾಚಾರ?’ ಎಂದು ಕೇಳುವ ಒಬ್ಬರು ಹತ್ತಿರದಲ್ಲಿರಬೇಕು.

ಅಂಥ ಒಬ್ಬರನ್ನು ವ್ಯವಸ್ಥೆಯ ಭಾಗವಾಗಿಸಬಹುದೆಂದು ಜಿಂಬಾಬ್ವೆ ತೋರಿಸಿದೆ. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ರಾಜಧಾನಿ ಹರಾರೆಯ ಬಡ ಬಡಾವಣೆಯೊಂದರಲ್ಲಿ, ಚಿಕಿತ್ಸಾಲಯದ ಅಂಗಳದಲ್ಲಿ ಮರದ ಬೆಂಚುಗಳನ್ನು ಹಾಕಿಸಿದರು. ತರಬೇತಿ ಪಡೆದ ಅಜ್ಜಿಯರು ಅವುಗಳ ಮೇಲೆ ಕುಳಿತು, ನೊಂದು ಬಂದವರ ಕಥೆ ಕೇಳಿ, ಅವರ ಸಮಸ್ಯೆಗಳಲ್ಲಿ ಒಂದನ್ನಾದರೂ ಬಿಡಿಸುವ ದಾರಿ ಹುಡುಕುತ್ತಾರೆ. 2016ರಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪ್ರಯೋಗದ ಫಲಿತಾಂಶದಂತೆ, ಆರು ತಿಂಗಳ ನಂತರ ಬೆಂಚಿಗೆ ಬಂದವರಲ್ಲಿ ಖಿನ್ನತೆಯ ಲಕ್ಷಣಗಳು ವಾಡಿಕೆಯ ಆರೈಕೆ ಪಡೆದವರಿಗಿಂತ ಗಣನೀಯವಾಗಿ ಕಡಿಮೆಯಾಗಿದ್ದವು. ಜಗಲಿ, ಅರಳಿಕಟ್ಟೆಗಳನ್ನು ಕಂಡ ನಮಗೆ ಇದು ಹೊಸದೇನಲ್ಲ. ಹೊಸದೆಂದರೆ, ಅದನ್ನು ಆರೋಗ್ಯ ವ್ಯವಸ್ಥೆಯ ಅಂಗವಾಗಿ ಮಾಡಿದ್ದು.

ನಮ್ಮಲ್ಲಿ ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ಕಟ್ಟಡವೂ ಬೇಡ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ನಾವೆಲ್ಲರೂ ಆಸ್ತಿ ತೆರಿಗೆಯೊಂದಿಗೆ ಶೇ 6ರಷ್ಟು ಗ್ರಂಥಾಲಯ ಕರ ತೆರುತ್ತೇವೆ. ಬಡಾವಣೆಯ ಗ್ರಂಥಾಲಯದಲ್ಲಿ ವಾರಕ್ಕೆ ಎರಡು ಸಂಜೆ ಮಾತನಾಡಲು ಅವಕಾಶವಿರುವ ಒಂದು ಕೋಣೆ ತೆರೆದಿರಲಿ. ‘ನಮ್ಮ ಕ್ಲಿನಿಕ್’ಗಳ ಹೊರಗೆ ಒಂದು ಬೆಂಚು ಇರಲಿ, ಅಲ್ಲಿ ಕೂರುವ ಹಿರಿಯ ಮಹಿಳೆಯರಿಗೆ ತರಬೇತಿಯೂ ಗೌರವಧನವೂ ಸಿಗಲಿ. ಜೀವಿತ ಪ್ರಮಾಣಪತ್ರ ಫೋನಿನಲ್ಲೇ ಇರಲಿ. ಆದರೆ ಅಂಚೆ ಕಚೇರಿ, ಬ್ಯಾಂಕುಗಳು ತಿಂಗಳಲ್ಲೊಂದು ಬೆಳಗ್ಗೆ ಪಿಂಚಣಿದಾರರಿಗೆ ಕುರ್ಚಿ ಹಾಕಿಕೊಡಲಿ. ಹೊಸ ವಸತಿ ಸಮುಚ್ಚಯಗಳಿಗೆ ಪರವಾನಗಿ ನೀಡುವಾಗ ವಾಹನ ನಿಲುಗಡೆಗೆ ಜಾಗ ಕೇಳುವ ನಾವು, ಬೇಲಿಯಾಚೆಯವರೂ ಕೂರಬಹುದಾದ ಒಂದು ಕಟ್ಟೆಯನ್ನೂ ಕೇಳಬಹುದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನಕ್ಕೆ ಐದು ನಗರ ಪಾಲಿಕೆಗಳು ಬಂದಿವೆ. ಆಡಳಿತವನ್ನು ಜನರ ಹತ್ತಿರ ತರುವುದೇ ಈ ವಿಭಜನೆಯ ಉದ್ದೇಶವೆನ್ನುವುದಾದರೆ, ಅದನ್ನು ಪರೀಕ್ಷಿಸಲು ಇದಕ್ಕಿಂತ ಅಗ್ಗದ ಕಾರ್ಯಕ್ರಮ ಸಿಗಲಾರದು.

ಸ್ನೇಹವನ್ನು ಸುತ್ತೋಲೆಯಿಂದ ಹುಟ್ಟಿಸಲಾಗದು ಎಂಬ ಆಕ್ಷೇಪ ಬರುತ್ತದೆ. ಒಪ್ಪುತ್ತೇನೆ. ಸರ್ಕಾರ ಓದುವ ಹವ್ಯಾಸವನ್ನು ಹುಟ್ಟಿಸಲಾರದು, ಆದರೂ ಗ್ರಂಥಾಲಯ ತೆರೆಯುತ್ತದೆ. ಸ್ಥಳ, ವೇಳೆ, ನಿಯಮಿತತೆ - ಈ ಮೂರನ್ನು ಒದಗಿಸುವುದಷ್ಟೇ ಅದರ ಕೆಲಸ. ಉಳಿದದ್ದು ನಾಗರಿಕರಾದ ನಮಗೆ ಸೇರಿದ್ದು. ನಿಮ್ಮ ಮಹಡಿಯಲ್ಲಿ, ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವವರು ಯಾರೆಂದು ನಿಮಗೆ ತಿಳಿದಿರಬಹುದು. ಅವರು ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಬಾಗಿಲು ತಟ್ಟಿ. ಗಿರಣಿ ಕಾರ್ಮಿಕರ ಆ ನಿಯಮವನ್ನು ಪಾಲಿಸಲು ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ.